ಇಥಿಯೋಪಿಯಾ ಬೆಟ್ಟಗಳಿಗೆ ಹೋಗೋ ಪ್ಲಾನ್: ಸಿಮಿಯನ್ನಾ ಬಾಲೆನಾ? ಗೈಡ್, ಸ್ಕೌಟ್ ನಿಜವಾಗ್ಲೂ ಬೇಕಾ?

ಸುಮಾ_ಮೈಸೂರು
ಎಲ್ಲರಿಗೂ ನಮಸ್ಕಾರ. ಕೀನ್ಯಾ ಸಫಾರಿ ಬಗ್ಗೆ ಇಲ್ಲಿ ಬೇಕಾದಷ್ಟು ಪೋಸ್ಟ್ ಇದೆ, ಇಥಿಯೋಪಿಯಾ ಅಂತ ಹುಡುಕಿದ್ರೆ ಏನೂ ಸಿಗ್ಲಿಲ್ಲ, ಅದಕ್ಕೆ ಹೊಸ ಥ್ರೆಡ್. ನಾನು, ನಮ್ಮೆಜಮಾನ್ರು, ನಮ್ಮ ಮಾವ (63 ವಯಸ್ಸು, ಆದ್ರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದ್ರಲ್ಲಿ ನನ್ನ ಮೀರಿಸ್ತಾರೆ) ಮೂರು ಜನ ಅಕ್ಟೋಬರ್ ಕೊನೇಲಿ ಹೋಗೋಣ ಅಂತಿದೀವಿ. ಜೀಪಲ್ಲಿ ಕೂತು ಪ್ರಾಣಿ ನೋಡೋದು ನಮಗೆ ಬಂಡೀಪುರ ಕಬಿನಿಯಲ್ಲೇ ಆಗುತ್ತೆ, ಅಷ್ಟು ದೂರ ಹೋಗೋದು ಬೆಟ್ಟದಲ್ಲಿ ನಡೆಯೋಕೆ, ಹಳ್ಳಿಗಳನ್ನ ನೋಡೋಕೆ, ಆ ಬಂಡೆ ಕೊರೆದ ಚರ್ಚುಗಳನ್ನ ನೋಡೋಕೆ.

ಒಬ್ಬ ಏಜೆಂಟ್ ಕಳಿಸಿರೋ ಪ್ಲಾನು: ಅಡಿಸ್ ಅಬಾಬಾ, ಲಾಲಿಬೆಲಾ, ಗೊಂಡರ್, ಸಿಮಿಯನ್ ಬೆಟ್ಟ, ಪೂರ್ತಿ ರಸ್ತೆ ಮೇಲೆ. ಗೈಡು, ಬಂದೂಕು ಹಿಡಿದ ಸ್ಕೌಟು, ಹೇಸರಗತ್ತೆ, ಅಡುಗೆಯವರು ಅಂತ ಒಂದೊಂದಕ್ಕೂ ತಲೆಗಿಷ್ಟು ಅಂತ ರೇಟ್ ಹಾಕಿದಾರೆ. ಇದೆಲ್ಲ ಬೇಕಾ? ಮತ್ತೆ ಊಟದ ಕಥೆ ಏನು, ಮಾವ ಮೊಟ್ಟೇನೂ ಮುಟ್ಟಲ್ಲ.

ಬಜೆಟ್_ಭೀಮ
ಮೇಡಂ ಸ್ಕೌಟು ಗೀಟು ಎಲ್ಲಾ ದುಡ್ಡು ಕೀಳೋ ದಾರಿ. ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡು ನೀವೇ ನಡೀರಿ. ನಾನು ಹಿಮಾಲಯದಲ್ಲಿ ಎಷ್ಟೋ ಟ್ರೆಕ್ ಗೈಡ್ ಇಲ್ದೆ ಮಾಡಿದೀನಿ.

ಅಡಿಸ್_ಮೇಷ್ಟ್ರು
ಸುಮಾ ಅವರೇ, ನಾನು ಅಲ್ಲಿ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಿದ್ದೆ (ನಮ್ಮ ಕಡೆಯಿಂದ ಮೇಷ್ಟ್ರಾಗಿ ಅಲ್ಲಿಗೆ ಹೋದೋರು ಕಮ್ಮಿ ಏನಿಲ್ಲ), ರಜೆ ಸಿಕ್ಕಿದಾಗೆಲ್ಲ ಬೆಟ್ಟ ಸುತ್ತಿದೀನಿ, ಸ್ವಲ್ಪ ಉದ್ದ ಬರೀತೀನಿ ಬೇಜಾರಾಗಬೇಡಿ.

ಮೊದಲು ನಿಮ್ಮ ಏಜೆಂಟ್ ಹೇಳದೇ ಬಿಟ್ಟಿರೋ ವಿಷಯ. ಲಾಲಿಬೆಲಾ, ಗೊಂಡರ್, ಸಿಮಿಯನ್ ಮೂರೂ ಅಮ್ಹಾರಾ ಪ್ರಾಂತ್ಯದಲ್ಲಿವೆ. ಪಕ್ಕದ ಟಿಗ್ರೇ ಪ್ರಾಂತ್ಯದ ಯುದ್ಧ 2020ರ ನವೆಂಬರಿಂದ 2022ರ ನವೆಂಬರ್ ತನಕ ನಡೀತು, ಅದರಲ್ಲಿ ಲಾಲಿಬೆಲಾ ಊರೇ ಕೆಲವು ತಿಂಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಬಂತು. ಅದು ಮುಗೀತು ಅನ್ನೋಷ್ಟರಲ್ಲಿ 2023ರ ಆಗಸ್ಟಲ್ಲಿ ಅಮ್ಹಾರಾದಲ್ಲೇ ಸರ್ಕಾರಿ ಸೇನೆಗೂ ಫಾನೋ ಅನ್ನೋ ಶಸ್ತ್ರಧಾರಿ ಗುಂಪುಗಳಿಗೂ ಶುರುವಾಯ್ತು, ತುರ್ತು ಪರಿಸ್ಥಿತಿ ಹೇರಿದ್ರು. ಒಂದು ವಾರ ಶಾಂತವಾಗಿರುತ್ತೆ, ಮುಂದಿನ ವಾರ ರಸ್ತೆ ಬಂದ್, ಇಂಟರ್ನೆಟ್ ಬಂದ್. ಊರೊಳಗೆ ಏನೂ ಆಗದೇ ಇರಬಹುದು, ಊರಿಂದ ಊರಿಗೆ ಹೋಗೋ ರಸ್ತೇಲಿ ಅಪಹರಣದ ಭಯ ಇದೆ. ಆ ರಸ್ತೆಗಳಲ್ಲಿ ವಯಸ್ಸಾದವರನ್ನ ಕರ್ಕೊಂಡು ದಿನಗಟ್ಟಲೆ ಕಾರಲ್ಲಿ ಹೋಗೋ ಪ್ಲಾನ್ ಮಾರ್ತಾ ಇದಾನಲ್ಲ ಆ ಏಜೆಂಟು, ಅವನ ಧೈರ್ಯ ಮೆಚ್ಚಬೇಕು. ನಮ್ಮ ರಾಯಭಾರ ಕಚೇರಿ ಸೂಚನೆ ಓದಿ, ಟ್ರಾವೆಲ್ ಇನ್ಶೂರೆನ್ಸ್ ಕಂಪನಿಗೆ ಅಮ್ಹಾರಾಕ್ಕೆ ಕವರ್ ಉಂಟಾ ಅಂತ ಬರವಣಿಗೆಯಲ್ಲಿ ಕೇಳಿ.

ನನ್ನ ಮಾತು ಏನಪ್ಪ ಅಂದ್ರೆ ಈ ಸಲ ಉತ್ತರ ಬಿಡಿ, ಆಗ್ನೇಯಕ್ಕೆ ಬಾಲೆ ಬೆಟ್ಟಗಳಿಗೆ ಹೋಗಿ. ಅಡಿಸಿಂದ ಸುಮಾರು 400 ಕಿಲೋಮೀಟರ್. ಒರೊಮಿಯಾ ಪ್ರಾಂತ್ಯದಲ್ಲಿದೆ, ಆ ಪ್ರಾಂತ್ಯದ ಪಶ್ಚಿಮಕ್ಕೆ ವೊಲ್ಲೆಗಾ ಕಡೆ ಬೇರೇನೇ ಗಲಾಟೆ ಇದೆ, ಬಾಲೆ ಅಲ್ಲಿಂದ ಬಹಳ ದೂರ. ಆದ್ರೂ ಕತ್ತಲಾದ ಮೇಲೆ ಯಾವ ಹೆದ್ದಾರಿಯಲ್ಲೂ ಓಡಾಡಬೇಡಿ, ಹೊರಡೋ ಮುಂಚೆ ಅಲ್ಲಿನವರಿಗೇ ಫೋನ್ ಮಾಡಿ ಕೇಳಿ.

ಕುಡ್ಲ_ಬೈಕರ್
ಸರ್ ಬಾಲೆ ಅಂದ್ರೆ ಆ ಸನೆಟ್ಟಿ ಪ್ರಸ್ಥಭೂಮಿ ಉಂಟಲ್ಲ, ಅಲ್ವಾ? ಆಫ್ರಿಕಾದಲ್ಲೇ ಅತಿ ಎತ್ತರದ ಸರ್ವಋತು ರಸ್ತೆ ಅಂತ ಹೇಳ್ತಾರೆ. ಬೈಕ್ ಬಾಡಿಗೆಗೆ ಸಿಕ್ತದಾ ಮಾರಾಯ್ರೆ?

ಅಡಿಸ್_ಮೇಷ್ಟ್ರು
ಹೌದು ಅದೇ ರಸ್ತೆ, ಗೋಬಾ ಊರಿಂದ ಹತ್ತಿ ಆ ಕಡೆ ಹರೆನ್ನಾ ಕಾಡಿಗೆ ಇಳಿಯುತ್ತೆ. ಬೈಕ್ ವಿಷಯ ಗೋಬಾದಲ್ಲಿ ಇಳಿದು ವಿಚಾರಿಸಬೇಕು. ಆದ್ರೆ 4,000 ಮೀಟರ್ ಮೇಲೆ ಮಧ್ಯಾಹ್ನ ಆಲಿಕಲ್ಲು ಬಿದ್ರೆ ಬೈಕಲ್ಲಿ ಇರೋದು ತಮಾಷೆ ಅಲ್ಲ.

ಹಕ್ಕಿಹುಚ್ಚ
ಬಾಲೆ ಅಂದ ತಕ್ಷಣ ಓಡಿ ಬಂದೆ 😀 ಸುಮಾ ಅವರೇ ಮೇಷ್ಟ್ರು ಹೇಳಿದ್ದಕ್ಕೆ ನಂದೂ ಒಂದು ವೋಟು. ಅಲ್ಲಿ ಏನಿದೆ ಅಂತ ಕೇಳಿದ್ರೆ ಮೊದಲನೇದು ತೋಳ. ಇಥಿಯೋಪಿಯನ್ ತೋಳ ಪ್ರಪಂಚದಲ್ಲಿ ಉಳಿದಿರೋದೇ 500ಕ್ಕಿಂತ ಕಮ್ಮಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲೆಯಲ್ಲಿ. ಕೆಂಪು ಮೈ, ಉದ್ದ ಕಾಲು, ಚೂಪು ಮೂತಿ, ನೋಡಿದ್ರೆ ನರಿ ಅಂತಾನೇ ಅನ್ಸುತ್ತೆ. ಗುಂಪಲ್ಲಿ ಬದುಕುತ್ತೆ, ಬೇಟೆ ಮಾತ್ರ ಒಂಟಿಯಾಗಿ, ಯಾಕಂದ್ರೆ ಅದರ ಊಟ ಇಲಿ ಹೆಗ್ಗಣ ಅಷ್ಟೇ, ಅದನ್ನ ಹಿಡಿಯೋಕೆ ಗುಂಪು ಬೇಕಿಲ್ಲ. ಇಲಿಗಳು ಹಗಲು ಹೊತ್ತು ಹೊರಗೆ ಬರ್ತವೆ ಆದ್ದರಿಂದ ತೋಳಾನೂ ಹಗಲಲ್ಲೇ ಓಡಾಡುತ್ತೆ, ನಮ್ಮ ಕಾಡಲ್ಲಿ ಹುಲಿಗೆ ಕಾದ ಹಾಗೆ ಕಾಯೋ ಕಷ್ಟ ಇಲ್ಲ, ಸನೆಟ್ಟಿ ಮೇಲೆ ಬೆಳಿಗ್ಗೆ ಬೇಗ ಹೋದ್ರೆ ರಸ್ತೆಯಿಂದಲೇ ಕಾಣೋ ಚಾನ್ಸ್ ಚೆನ್ನಾಗಿದೆ. ಅದರ ಮುಖ್ಯ ತಿಂಡಿ ಒಂದು ದಪ್ಪ ಹೆಗ್ಗಣದಂಥ ಪ್ರಾಣಿ, ದೈತ್ಯ ಬಿಲ ಇಲಿ ಅನ್ನಬಹುದು, ಬಾಲೆ ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ತಲೆ ಮಾತ್ರ ಬಿಲದಿಂದ ಹೊರಗೆ ಇಟ್ಕೊಂಡು ಸುತ್ತ ಇರೋ ಹುಲ್ಲು ಎಳ್ಕೊಂಡು ಒಳಗೆ ಹೋಗುತ್ತೆ, ಕೂತು ನೋಡ್ತಾ ಇದ್ರೆ ಟೈಮ್ ಹೋಗೋದೇ ಗೊತ್ತಾಗಲ್ಲ.

ಇನ್ನೊಂದು ಮಜಾ, ಈ ತೋಳಗಳು ಹೂವಿನ ಮಕರಂದ ನೆಕ್ಕೋದನ್ನ ಬಾಲೆಯಲ್ಲಿ ದಾಖಲು ಮಾಡಿ 2024ರಲ್ಲಿ ಪ್ರಕಟಿಸಿದ್ರು. ಕೆಂಡದ ಬಣ್ಣದ ಉದ್ದ ಗೊಂಚಲು ಹೂವು, ಅಲ್ಲಿನ ಮಕ್ಕಳೂ ಅದನ್ನ ನೆಕ್ತಾರಂತೆ. ಮೂತಿಗೆಲ್ಲ ಪರಾಗ ಮೆತ್ಕೊಂಡ ತೋಳದ ಫೋಟೋ ನೋಡಿ ನಾನು ಒಂದು ದಿನ ಪೂರ್ತಿ ನಕ್ಕಿದೀನಿ.

ದಿನ್‌ಶೋದಲ್ಲಿ ಪಾರ್ಕ್ ಹೆಡ್ ಆಫೀಸ್ ಇದೆ, ಅದರ ಸುತ್ತ ಇರೋ ಕಾಡಲ್ಲಿ ನಡ್ಕೊಂಡೇ ಬೆಟ್ಟದ ನ್ಯಾಲಾ ನೋಡಬಹುದು. ಕಡವೆ ಗಾತ್ರದ, ಕೊಂಬು ಸುರುಳಿ ಇರೋ ಪ್ರಾಣಿ. ಇಷ್ಟು ದೊಡ್ಡ ಪ್ರಾಣಿ ಹೊರಗಿನ ವಿಜ್ಞಾನಿಗಳ ಕಣ್ಣಿಗೆ ಬಿದ್ದು ಹೆಸರು ಪಡೆದಿದ್ದು 1910ರಲ್ಲಿ ಅಂದ್ರೆ ನಂಬ್ತೀರಾ. ನಿಮ್ಮ ಮಾವನಿಗೆ ಇದೇ ಸರಿಯಾದ ಜಾಗ, ಸಮತಟ್ಟು, ಅಲ್ಲೇ ಎರಡು ರಾತ್ರಿ ಇದ್ದು ಎತ್ತರಕ್ಕೆ ಮೈ ಹೊಂದಿಸ್ಕೊಂಡು ಆಮೇಲೆ ಸನೆಟ್ಟಿಗೆ ಹೋಗಿ. ಟುಲ್ಲು ದಿಮ್ತು 4,377 ಮೀಟರ್, ಬಾಲೆಯಲ್ಲೇ ಅತಿ ಎತ್ತರದ ಶಿಖರ, ತುದಿ ತನಕ ಜೀಪ್ ಹೋಗುತ್ತೆ!!

ಬಜೆಟ್_ಭೀಮ
ಜೀಪ್ ಶಿಖರದ ತನಕ ಹೋದ್ರೆ ಗೈಡ್ ಯಾತಕ್ಕೆ, ನೀವೇ ಹೇಳಿ.

ಮಲೆನಾಡ_ಮಳೆ
ಭೀಮಣ್ಣ ಬಿಡಲ್ಲ ಅಂತಾರೆ 😂

ಧಾರವಾಡ_ಗಿರ್ಮಿಟ್
ಊಟದ ಬಗ್ಗೆ ಯಾರೂ ಹೇಳ್ಲಿಲ್ಲಲ್ರೀ, ನಾ ಹೇಳ್ತೀನಿ. ನಮ್ಮ ಕಾಕಾ ಅಡಿಸ್‌ನ್ಯಾಗ ಕಂಪನಿ ಕೆಲಸಕ್ಕಿದ್ರು, ನಾವು ಮನಿಮಂದಿ ಹೋಗಿ ಬಂದೀವಿ. ಅಕ್ಕಾರ, ಶಾಕಾಹಾರಿಗಳಿಗೆ ಆಫ್ರಿಕಾದಾಗ ಅದರಂಥ ದೇಶ ಇಲ್ಲ. ಅಲ್ಲಿ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಬುಧವಾರ ಶುಕ್ರವಾರ ಉಪವಾಸ ಮಾಡ್ತಾರ, ಈಸ್ಟರಿನ ಮುಂಚೆ ಸತತ 55 ದಿವಸ ಬ್ಯಾರೆ, ಉಪವಾಸ ಅಂದ್ರ ಮಾಂಸ ಹಾಲು ಬೆಣ್ಣಿ ತತ್ತಿ ಏನೂ ಇಲ್ಲ. ಆ ದಿನ ಯಾವ ಖಾನಾವಳಿಗೆ ಹೋಗಿ “ಯೆತ್ಸೊಮ್ ಬೆಯೈನೆತು” ಅಂದ್ರ ಸಾಕು, ದೊಡ್ಡ ಪರಾತದಷ್ಟು ಇಂಜೆರಾ ಹಾಸಿ ಮ್ಯಾಲ ಬ್ಯಾಳಿ, ಕಡ್ಲಿ, ಸೊಪ್ಪು, ಬೀಟ್‌ರೂಟು, ಆಲೂ, ಕ್ಯಾಬೀಜು ಗುಂಪು ಗುಂಪಾಗಿ ಇಡ್ತಾರ, ಸುತ್ತ ಕುಂತು ಎಲ್ಲಾರೂ ಒಂದs ತಾಟಿನ್ಯಾಗ. ಇಂಜೆರಾ ಅಂದ್ರ ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟು ದಿನಗಟ್ಟಲೆ ಹುಳಿ ಬರಿಸಿ ಒಂದs ಮಗ್ಗಲಾ ಬೇಯಿಸಿದ್ದು, ಉದ್ದಿಲ್ಲದ ಹುಳಿ ದ್ವಾಶಿ ಅಂತ ತಿಳ್ಕೋರಿ. ಮೊದಲನೇ ದಿನ ನಮ್ಮವ್ವ ಮುಖ ಸಿಂಡರಿಸಿದ್ಲು, ಆಮ್ಯಾಲ ಅಕೀನ ಎರಡನೇದು ಕೇಳಾಕ್ಹತ್ತಿದ್ಲು.

ಉಪವಾಸ ಇಲ್ಲದ ದಿನಾ ಸ್ವಲ್ಪ ತ್ರಾಸ. ಶಿರೋ ಕೇಳ್ರಿ, ಕಡ್ಲಿ ಹಿಟ್ಟಿನ ಝುಣಕಾದಂಗ ಇರ್ತದ, ಎಲ್ಲಾ ಕಡೆ ಸಿಗ್ತದ. ಆದ್ರ “ಬೊಝೆನಾ ಶಿರೋ” ಅಂದ್ರ ಅದರಾಗ ದನದ ಮಾಂಸ ಇರ್ತದ, ಹುಷಾರ್ರೀ. ಮಾವನವರಿಗೆ ಇದನ್ನ ಮೊದಲs ಹೇಳಿಬಿಡ್ರಿ.

ಮತ್ತ ಒಂದು ಮಾತು ಹೇಳ್ಲೇಬೇಕು. ಅಕ್ಟೋಬರದಾಗ ಹೋದ್ರ ದಾರಿ ತುಂಬ ಹಳದಿ ಹೊಲ ಕಾಣ್ತಾವ. ಸೂರ್ಯಕಾಂತಿ ಅನ್ಕೊಂಡಿದ್ದೆ, ಇಳಿದು ನೋಡಿದ್ರ ನಮ್ಮ ಗುರೆಳ್ಳು! ಅಲ್ಲಿ ಅದರದs ಎಣ್ಣಿ ಉಪವಾಸದ ಅಡಗೀಗೆ ಹಾಕ್ತಾರ. ಗುರೆಳ್ಳಿನ ಮೂಲ ಊರs ಇಥಿಯೋಪಿಯಾದ ಬೆಟ್ಟ ಅಂತ. ನಾವು ರೊಟ್ಟಿ ಜೋಡಿ ಚಟ್ನಿಪುಡಿ ಬಡಿತೀವಿ, ಅವರು ಬರೇ ಎಣ್ಣಿ ತಗೀತಾರ.

ಮಲೆನಾಡ_ಮಳೆ
ನಮ್ಮಲ್ಲಿ ಹುಚ್ಚೆಳ್ಳು ಅಂತೀವಿ. ರಾಗಿಯೂ ಅಲ್ಲಿಂದಲೇ ಬಂದಿದ್ದು, ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ ಅದರ ತವರು, ಅಲ್ಲಿ ಈಗಲೂ ಬೆಳೀತಾರೆ. ಹಳೇ ಮೈಸೂರಿನವರು ಮುದ್ದೆ ಊಟ ಮಾಡುವಾಗ ಇಥಿಯೋಪಿಯಾದ ಕಡೆ ತಿರುಗಿ ಒಂದು ನಮಸ್ಕಾರ ಹಾಕಬಹುದು.

ಸುಮಾ_ಮೈಸೂರು
ಮಾವನಿಗೆ ಓದಿ ಹೇಳಿದೆ, ರಾಗಿ ವಿಷಯ ಕೇಳಿ ಅವರು ಆಗಲೇ ಬ್ಯಾಗ್ ಪ್ಯಾಕ್ ಮಾಡೋಕೆ ರೆಡಿ. ಆದ್ರೆ ಲಾಲಿಬೆಲಾ ಬಿಡೋಕೆ ಮನಸ್ಸೇ ಬರ್ತಿಲ್ಲ. ವಿಮಾನದಲ್ಲಿ ಹೋಗಿ ಎರಡು ದಿನ ಇದ್ದು ವಾಪಸ್ ಬಂದ್ರೆ?

ಅಡಿಸ್_ಮೇಷ್ಟ್ರು
ಮನಸ್ಸು ಬರದೇ ಇರೋದು ಸಹಜ. 11 ಚರ್ಚು, ಎಲ್ಲಾ ಬಂಡೆಯಲ್ಲೇ ಕೊರೆದಿದ್ದು, ಕೆಲವನ್ನ ನೆಲದಲ್ಲಿರೋ ಬಂಡೆಯನ್ನ ಮೇಲಿಂದ ಕೆಳಕ್ಕೆ ಕಡಿದು ಮಾಡಿದ್ದು, ಬೇತೆ ಗಿಯೋರ್ಗಿಸ್ ಅಂತೂ ಶಿಲುಬೆ ಆಕಾರದಲ್ಲಿ ಹನ್ನೆರಡು ಮೀಟರ್ ಆಳದ ಗುಂಡಿಯೊಳಗೆ ನಿಂತಿದೆ. ನಮ್ಮ ರಾಷ್ಟ್ರಕೂಟರು ಎಲ್ಲೋರಾದ ಕೈಲಾಸವನ್ನ ಮೇಲಿಂದ ಕೆಳಕ್ಕೆ ಕಡಿಸಿದ್ದು 8ನೇ ಶತಮಾನದಲ್ಲಿ, ಲಾಲಿಬೆಲಾದ್ದು ಅದಕ್ಕಿಂತ ನಾಲ್ಕು ಶತಮಾನದಷ್ಟು ಈಚೆಗೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಏನಿಲ್ಲ, ಆದ್ರೆ ಎರಡನ್ನೂ ನೋಡಿದವನಿಗೆ ಲಾಲಿಬೆಲಾದಲ್ಲಿ ಬೇರೆಯಾಗಿ ಕಾಣೋದು ಅಲ್ಲಿ ಇವತ್ತಿಗೂ ಪೂಜೆ ನಡೀತಾ ಇರೋದು. ಬೆಳಗಿನ ಜಾವ ಬಿಳಿ ಬಟ್ಟೆ ಹೊದ್ದ ಜನ ಗೋಡೆಗೆ ಹಣೆ ಹಚ್ಚಿ ನಿಂತಿರ್ತಾರೆ, ಟೂರಿಸ್ಟ್ ಅಂತ ನಿಮ್ಮನ್ನ ಯಾರೂ ತಿರುಗಿ ನೋಡಲ್ಲ. ಜನವರಿ 7ರ ಗೆನ್ನಾ, ಅಂದ್ರೆ ಅವರ ಕ್ರಿಸ್ಮಸ್, ಆಗ ಊರು ಹಿಡಿಸಲ್ಲ.

ವಿಮಾನದಲ್ಲಿ ಹೋಗಿ ಬರೋದು ರಸ್ತೆಗಿಂತ ವಾಸಿ, ಆ ವಾರದ ಪರಿಸ್ಥಿತಿ ನೋಡಿ. ಟಿಕೆಟ್ ಬದಲಾಯಿಸೋ ಅವಕಾಶ ಇರೋದನ್ನೇ ತಗೊಳ್ಳಿ. ನಾನಾದ್ರೆ ಈ ಸಲ ಮಾವನವರನ್ನ ಕರ್ಕೊಂಡು ಹೋಗಲ್ಲ. ಅಲ್ಲಿನ ಗೈಡುಗಳು ಕೋವಿಡ್, ಆಮೇಲೆ ಯುದ್ಧ, ಆಮೇಲೆ ಇದು ಅಂತ ವರ್ಷಗಟ್ಟಲೆ ಕೆಲಸ ಇಲ್ದೆ ಕೂತಿದಾರೆ, ಅವರ ಕಡೆಯಿಂದ ನೋಡಿದ್ರೆ “ಬನ್ನಿ” ಅಂತಲೇ ಹೇಳಬೇಕು. ನನಗೆ ಹಾಗೆ ಹೇಳೋಕೆ ಬಾಯಿ ಬರ್ತಿಲ್ಲ.

ರಾಜಕೀಯ_ರಂಗಣ್ಣ
ಅಲ್ಲಿ ಜಗಳ ಶುರು ಮಾಡಿದ್ದು ಯಾರು ಅಂತ ಗೊತ್ತಿಲ್ದೆ ಮಾತಾಡಬೇಡಿ, ಅಸಲಿಗೆ

ನಿರ್ವಾಹಕ
ರಂಗಣ್ಣನವರ ಪೋಸ್ಟಿನ ಉಳಿದ ಭಾಗ ತೆಗೆದಿದೀವಿ. ಪ್ರವಾಸದ ಥ್ರೆಡ್ ಇದು, ದಯವಿಟ್ಟು.

ಬಜೆಟ್_ಭೀಮ
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಿಮಿಯನ್ನೋ ಬಾಲೆನೋ, ಪಾರ್ಕ್ ಫೀಸು ಕೊಟ್ಟ ಮೇಲೂ ಗೈಡು, ಅವನ ಹಿಂದೆ ಕುದುರೆಯವನು, ಅವನ ಹಿಂದೆ ಬಂದೂಕಿನವನು. ನಾನು ಮೂರು ಜನಕ್ಕೆ ಸಂಬಳ ಕೊಟ್ಟು ನಡೀಬೇಕಾ? ಆ ಬಂದೂಕು ಸಿಡಿಯುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಅಡಿಸ್_ಮೇಷ್ಟ್ರು
ಭೀಮ ಅವರೇ, ಬಂದೂಕು ಸಿಡಿಯುತ್ತೋ ಇಲ್ವೋ, ಅದು ಮುಖ್ಯ ಅಲ್ಲ ಬಿಡಿ. ಆ ಮನುಷ್ಯ ಯಾರು ಅನ್ನೋದು ಮುಖ್ಯ. ಸಿಮಿಯನ್‌ನ ಸ್ಕೌಟುಗಳು ಅದೇ ಬೆಟ್ಟದ ಹಳ್ಳಿಯವರು, ಸರದಿ ಮೇಲೆ ಕೆಲಸ ಸಿಗುತ್ತೆ. ಸರದಿ ಬಂದಾಗ ಸಿಗೋ ದುಡ್ಡು ಬಾರ್ಲಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುತ್ತೆ.

ಸಿಮಿಯನ್ 1978ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೊಟ್ಟಮೊದಲ ಜಾಗಗಳಲ್ಲಿ ಒಂದು, 1996ರಲ್ಲಿ ಅದನ್ನ ಅಪಾಯದ ಪಟ್ಟಿಗೆ ಹಾಕಿದ್ರು, ಯಾಕೆ? ವಾಲಿಯಾ ಅನ್ನೋ ಕಾಡು ಆಡು, ಪ್ರಪಂಚದಲ್ಲಿ ಅಲ್ಲಿ ಮಾತ್ರ ಇರೋದು, ಕಮ್ಮಿ ಆಗ್ತಾ ಬಂತು, ಪಾರ್ಕ್ ಒಳಗೇ ಹೊಲ, ದನ, ರಸ್ತೆ. ಅಪಾಯದ ಪಟ್ಟಿಯಿಂದ ಹೊರಗೆ ಬಂದಿದ್ದು 2017ರಲ್ಲಿ. ಅದರ ಹಿಂದಿನ ವರ್ಷ ಪಾರ್ಕ್ ಮಧ್ಯೆ ಇದ್ದ ಗೀಚ್ ಹಳ್ಳಿಯ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನ ಎಬ್ಬಿಸಿ ದೆಬಾರ್ಕ್ ಪಟ್ಟಣಕ್ಕೆ ಸಾಗಿಸಿದ್ರು. ಸೈಟು ಕೊಟ್ರು, ಪರಿಹಾರ ಕೊಟ್ರು, ಹೊಲ ಉಳೋದು ಬಿಟ್ಟು ಬೇರೇನೂ ಬರದ ಜನ ಪೇಟೆಯಲ್ಲಿ ಏನು ಮಾಡಬೇಕು? ನೀವು ಫೋಟೋ ತೆಗೆಯೋ ಆ ಖಾಲಿ ಹುಲ್ಲುಗಾವಲು ಖಾಲಿ ಆಗಿದ್ದು ಹಾಗೆ. ಅವರ ಮಗ ಗೈಡಾಗಿಯೋ ಅಡುಗೆಯವನಾಗಿಯೋ ನಿಮ್ಮ ಜೊತೆ ಬಂದು ನಾಲ್ಕು ಕಾಸು ತಗೊಂಡ್ರೆ ಅದು ಕೀಳೋದು ಅಂತ ನನಗನ್ಸಲ್ಲ.

ಮಲೆನಾಡ_ಮಳೆ
ಕುದುರೆಮುಖ, ಭದ್ರಾ ಪುನರ್ವಸತಿ ಹತ್ತಿರದಿಂದ ನೋಡಿದವರಿಗೆ ಇದನ್ನ ವಿವರಿಸೋದು ಬೇಡ ಸರ್.

ಬಜೆಟ್_ಭೀಮ
ಒಪ್ಪೋಣ. ಆದ್ರೆ ನಾನು ಏಜೆಂಟಿಗೆ ಕೊಟ್ಟ ದುಡ್ಡಲ್ಲಿ ಎಷ್ಟು ಆ ಸ್ಕೌಟ್ ಕೈಗೆ ಹೋಗುತ್ತೆ? ಅದನ್ನ ಹೇಳಿ.

ಅಡಿಸ್_ಮೇಷ್ಟ್ರು
ಇದು ಸರಿಯಾದ ಪ್ರಶ್ನೆ. ಸುಮಾ ಅವರ ಏಜೆಂಟ್ ಸ್ಕೌಟಿಗೆ ತಲೆಗಿಷ್ಟು ಅಂತ ಹಾಕಿದಾನೆ ಅಂದ್ರಲ್ಲ, ಅಲ್ಲೇ ಮೋಸ ಇರೋದು. ಸ್ಕೌಟು, ಗೈಡು ಗುಂಪಿಗೆ ದಿನಕ್ಕೆ ಇಷ್ಟು ಅಂತ, ನೀವು ಮೂರು ಜನ ಇದ್ರೂ ಅದೇ. ತಲೆ ಲೆಕ್ಕ ಇರೋದು ಪಾರ್ಕ್ ಪ್ರವೇಶಕ್ಕೆ. ಕುದುರೆ, ಹೇಸರಗತ್ತೆಗೆ ಪ್ರಾಣಿಗೆ ಇಷ್ಟು, ನಡೆಸೋನಿಗೆ ಇಷ್ಟು. ಏಜೆಂಟಿಗೆ ಕಾರು, ಹೋಟೆಲ್, ವಿಮಾನದ ದುಡ್ಡು ಕೊಡಿ, ಬೆಟ್ಟದ ಮೇಲಿನ ಖರ್ಚು ಮಾತ್ರ ಪಾರ್ಕ್ ಆಫೀಸಲ್ಲಿ, ಗೈಡುಗಳ ಸಂಘದಲ್ಲಿ ನೀವೇ ಕಟ್ಟಿ ರಶೀದಿ ತಗೊಳ್ಳಿ. ದಿನ್‌ಶೋದಲ್ಲೂ ಹಾಗೇ, ಗೈಡುಗಳದ್ದೇ ಸಂಘ, ಕುದುರೆಯವರದ್ದು ಸರದಿ. ಮತ್ತೆ ಸ್ಕೌಟುಗಳು ಒಂದು ಕಂಬಳಿ, ಒಂದು ಗಂಟಲ್ಲಿ ಒಣ ರೊಟ್ಟಿ ಬಿಟ್ರೆ ಏನೂ ತರಲ್ಲ, 3,600 ಮೀಟರಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತೆ. ಅಡುಗೆ ಮಾಡೋವಾಗ ಅವರ ಪಾಲೂ ಹಾಕಿಸಿ.

ಹಕ್ಕಿಹುಚ್ಚ
ಇದಕ್ಕೆ ನಂದೊಂದು ಸೇರಿಸ್ತೀನಿ. ತೋಳಗಳಿಗೆ ದೊಡ್ಡ ಶತ್ರು ಬೇಟೆಗಾರ ಅಲ್ಲ, ದನ ಕಾಯೋರ ನಾಯಿ. ನಾಯಿಯಿಂದ ರೇಬೀಸ್ ಬಂದು ಬಾಲೆಯಲ್ಲಿ 1991ರ ಸುಮಾರಿಗೆ, ಆಮೇಲೆ 2003, 2008, 2014ರಲ್ಲಿ ತೋಳದ ಗುಂಪುಗಟ್ಟಲೆ ಸತ್ತವು. ಅದಕ್ಕೇ 1995ರಿಂದ ಇಥಿಯೋಪಿಯನ್ ತೋಳ ಸಂರಕ್ಷಣಾ ಕಾರ್ಯಕ್ರಮದವರು ಹಳ್ಳಿ ಹಳ್ಳಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕ್ತಾರೆ. ದನಗಾಹಿ “ನನ್ನ ನಾಯಿಗೆ ಸೂಜಿ ಹಾಕಿ” ಅಂತ ನಾಯಿ ಹಿಡ್ಕೊಂಡು ಬರಬೇಕು ಅಂದ್ರೆ ತೋಳ ಉಳಿದ್ರೆ ಅವನಿಗೂ ಏನೋ ಲಾಭ ಇದೆ ಅಂತ ಅನ್ನಿಸಬೇಕಲ್ವಾ. ಗೈಡ್ ಇಲ್ದೆ ನಡೆಯೋ ಟೂರಿಸ್ಟಿಂದ ಅವನಿಗೆ ಏನೂ ಇಲ್ಲ, ಧೂಳು ಬಿಟ್ರೆ.

ಮೆನ್ಜ್ ಕಡೆ ಗುವಾಸ್ಸಾ ಅಂತ ಇದೆ, ಅಡಿಸಿನ ಉತ್ತರಕ್ಕೆ. ಅಲ್ಲಿ ಮನೆ ಹೊದಿಸೋ ಹುಲ್ಲನ್ನ ಉಳಿಸೋಕೆ ಊರವರೇ ಸುಮಾರು ನಾನೂರು ವರ್ಷದಿಂದ ಬೆಟ್ಟ ಕಾಯ್ಕೊಂಡು ಬಂದಿದಾರೆ, ಕೆರೋ ಅನ್ನೋ ಪದ್ಧತಿ. ಕೆಲವು ವರ್ಷ ಪೂರ್ತಿ ಮುಚ್ಚೋದು, ಒಂದು ಕಡ್ಡಿ ಕೀಳೋ ಹಾಗಿಲ್ಲ, ಆಮೇಲೆ ಒಂದಷ್ಟು ಕಾಲ ತೆರೆದು ಎಲ್ಲರೂ ಹುಲ್ಲು ಕೊಯ್ಯೋದು. 1974ರ ಕ್ರಾಂತಿ ಆದ್ಮೇಲೆ ಭೂಸುಧಾರಣೆ ಬಂದು ಅದು ಮುರೀತು, ಆಮೇಲೆ ಊರವರು ಬೇರೆ ರೂಪದಲ್ಲಿ ಮತ್ತೆ ಕಟ್ಕೊಂಡ್ರು. ಹುಲ್ಲು ಉಳಿಸಿದ್ದಕ್ಕೆ ತೋಳಾನೂ ಉಳೀತು, ಗೆಲಾಡಾ ಕೋತೀನೂ ಉಳೀತು. ಗೆಲಾಡಾ ಅಂದ್ರೆ ಎದೆ ಮೇಲೆ ಕೆಂಪು ಮಚ್ಚೆ ಇರೋ, ದನದ ಹಾಗೆ ದಿನವಿಡೀ ಹುಲ್ಲು ಕಿತ್ತು ತಿನ್ನೋ ಕೋತಿ, ನೂರಾರು ಒಟ್ಟಿಗೆ. ಗುವಾಸ್ಸಾದಲ್ಲಿ ತೋಳ ಈ ಕೋತಿ ಹಿಂಡಿನ ಮಧ್ಯೆ ಸಾಧುವಾಗಿ ಓಡಾಡ್ಕೊಂಡು ಇಲಿ ಹಿಡಿಯುತ್ತೆ, ಒಂಟಿಯಾಗಿ ಹಿಡಿದ್ರೆ ನೂರಕ್ಕೆ 25 ಸಲ ಗುರಿ ತಾಗಿದ್ರೆ ಹಿಂಡಿನ ಮಧ್ಯೆ 67 ಸಲ ಅಂತ ಲೆಕ್ಕ ಹಾಕಿದಾರೆ. ಮರಿ ಪಕ್ಕದಲ್ಲೇ ಇದ್ರೂ ಮುಟ್ಟಲ್ಲ! ಅದೂ ಅಮ್ಹಾರಾದಲ್ಲೇ ಇರೋದ್ರಿಂದ ಈಗ ಹೋಗಿ ಅನ್ನೋ ಹಾಗಿಲ್ಲ, ಅದೇ ಬೇಜಾರು.

ಕಾಫಿತೋಟ_ಕಳಸ
ಯಾರೂ ಕಾಫಿ ಬಗ್ಗೆ ಮಾತಾಡದೇ ಇಷ್ಟು ದೂರ ಬಂದಿದೀರಿ, ಆಶ್ಚರ್ಯ. ಬಾಲೆಯ ದಕ್ಷಿಣಕ್ಕೆ ಇಳಿದ್ರೆ ಹರೆನ್ನಾ ಕಾಡಲ್ಲಿ ಕಾಡುಕಾಫಿ ಅಂತಾರಲ್ಲ, ನೋಡಿದೋರು ಇದೀರಾ? ನಾವು ಚಿಗುರು ತೆಗೆದು, ಕಸಿ ಮಾಡಿ, ನೆರಳು ತೆಗೆದು ಇಷ್ಟೆಲ್ಲ ಒದ್ದಾಡ್ತೀವಿ.

ಅಡಿಸ್_ಮೇಷ್ಟ್ರು
ನೋಡಿದೀನಿ. ಸನೆಟ್ಟಿಯ ಆ ಚಳಿ ಬಯಲಿಂದ ಇಳಿಯುತ್ತಾ ಇಳಿಯುತ್ತಾ ಪಾಚಿ ಜೋತಾಡೋ ಮರಗಳು, ಬಿದಿರು ಮೆಳೆ (ಅಲ್ಲಿ ಬಿದಿರನ್ನೇ ತಿಂದು ಬದುಕೋ ಬಾಲೆ ಮಂಗ ಅಂತ ಇದೆ), ಅದರ ಕೆಳಗೆ ಹೋದ್ರೆ ದೊಡ್ಡ ಮರಗಳ ಅಡಿ ಕಾಫಿ ಗಿಡ, ಗಿಡ ಅನ್ನೋಕಿಂತ ಬೆಳಕಿಗೆ ಎಟುಕೋಕೆ ಸಣಕಲಾಗಿ ಉದ್ದ ಬೆಳೆದ ಕೋಲು. ಇಳುವರಿ ಕೇಳಿದ್ರೆ ನಿಮಗೆ ನಗು ಬರುತ್ತೆ. ಅದೇ ಮರಗಳ ಮೇಲೆ ಉದ್ದುದ್ದ ಕೊಳವೆ ಥರದ ಜೇನುಗೂಡು ತೂಗು ಹಾಕಿರ್ತಾರೆ. ಹರೆನ್ನಾ ಜೇನು ಸಿಕ್ರೆ ಬಿಡಬೇಡಿ.

ಕಾಫಿ ಕುಡಿಯೋ ಕ್ರಮ ಬೇರೆಯೇ. ಯಾರ ಮನೆಗಾದ್ರೂ ಕರೆದ್ರೆ ಒಂದು ಗಂಟೆಗಿಂತ ಹೆಚ್ಚು ಟೈಮ್ ಇಟ್ಕೊಂಡು ಹೋಗಿ. ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಹಸಿ ಬೀಜ ತೊಳೆದು ನಿಮ್ಮ ಎದುರಿಗೇ ಹುರಿದು, ಹೊಗೆ ಬರೋ ಬಾಣಲೆಯನ್ನ ಒಬ್ಬೊಬ್ಬರ ಮುಂದೂ ಹಿಡೀತಾರೆ, ಆಮೇಲೆ ಕುಟ್ಟಿ, ಜೆಬೆನಾ ಅನ್ನೋ ಮಣ್ಣಿನ ಹೂಜಿಯಲ್ಲಿ ಕಾಯಿಸಿ ಮೂರು ಸುತ್ತು. ಅಬೋಲ್, ತೋನಾ, ಬರಾಕಾ. ಮೊದಲ ಸುತ್ತಿಗೇ ಎದ್ದು ಹೊರಟ್ರೆ ಚೆನ್ನಾಗಿರಲ್ಲ. ಜೊತೆಗೆ ಪಾಪ್‌ಕಾರ್ನ್ ಕೊಡ್ತಾರೆ, ಸುಮಾ ಅವರ ಮಾವನವರಿಗೆ ಅದೇ ತಿಂಡಿ.

ಕಾಫಿತೋಟ_ಕಳಸ
ಕಾಡು ಅರೇಬಿಕಾ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ ಅನ್ನೋದು ನಮ್ಮ ಬೆಳೆಗಾರರಿಗೆ ಗೊತ್ತಿದ್ರೆ ಚೆನ್ನ. ತುಕ್ಕು ರೋಗಕ್ಕೆ, ಬರಕ್ಕೆ ತಡೆಯೋ ತಳಿ ನಾಳೆ ಬೇಕಾದ್ರೆ ಆ ಕಾಡಲ್ಲೇ ಹುಡುಕಬೇಕು. ತೋಳಕ್ಕೋಸ್ಕರ ಅಲ್ಲದಿದ್ರೂ ನಮ್ಮ ಸ್ವಾರ್ಥಕ್ಕಾದ್ರೂ ಆ ಕಾಡು ಇರಲಿ.

ಕುಡ್ಲ_ಬೈಕರ್
ಬಾಲೆ ಮುಗಿದ ಮೇಲೆ ದಿನ ಉಳಿದ್ರೆ ಎಂತ ಮಾಡೋದು? ಓಮೋ ಕಣಿವೆ ಅಂತ ಎಲ್ಲ ರೀಲ್ಸಲ್ಲಿ ಬರ್ತದೆ, ತುಟಿಗೆ ತಟ್ಟೆ ಹಾಕಿದವರು.

ಅರ್ಬಾಮಿಂಚ್_ರಿಟರ್ನ್
ಓಮೋ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ ಸಾರಿ. ಜೀಪು ನಿಲ್ಲಿಸಿದ ತಕ್ಷಣ ಸಾಲಾಗಿ ನಿಂತ ಜನ, ಒಂದು ಫೋಟೋಗೆ ಇಷ್ಟು ಬಿರ್ (ಅಲ್ಲಿನ ದುಡ್ಡು), ಎರಡು ನಿಮಿಷ, ಮುಂದಿನ ಹಳ್ಳಿ. ಅವರದ್ದು ತಪ್ಪು ಅಂತಲ್ಲ, ಕ್ಯಾಮೆರಾ ಹಿಡ್ಕೊಂಡು ಬರೋರಿಗೆ ಅಷ್ಟೇ ಬೇಕಾಗಿರೋದು. ನನಗೆ ನೋಡೋಕೆ ಆಗ್ಲಿಲ್ಲ.

ಅದರ ಬದಲು ಅರ್ಬಾ ಮಿಂಚಿಗೆ ಅಡಿಸಿಂದ ವಿಮಾನ ಇದೆ, ಅಲ್ಲಿಂದ ಮೇಲೆ ಗುಗೆ ಬೆಟ್ಟ ಹತ್ತಿದ್ರೆ ದೊರ್ಜೆ ಜನರ ಹಳ್ಳಿಗಳು. ಗಂಡಸರು ಮಗ್ಗದಲ್ಲಿ ಕೂತಿರ್ತಾರೆ, ಹೆಂಗಸರು ನೂಲ್ತಾರೆ. ಮನೆ ಪೂರ್ತಿ ಬಿದಿರಿಂದ ಹೆಣೆದಿದ್ದು, ಎದುರಿಂದ ನೋಡಿದ್ರೆ ಆನೆ ಮುಖ. ಹೊಸದಾಗಿ ಕಟ್ಟಿದಾಗ ಹನ್ನೆರಡು ಮೀಟರ್ ತನಕ ಎತ್ತರ ಇರುತ್ತೆ, ಬುಡವನ್ನ ಗೆದ್ದಲು ತಿಂದ ಹಾಗೆಲ್ಲ ಕತ್ತರಿಸ್ತಾ ಹೋಗ್ತಾರೆ, ವರ್ಷ ಕಳೆದ ಹಾಗೆ ಮನೆ ಕುಳ್ಳಗಾಗುತ್ತೆ, ಆದ್ದರಿಂದ ಎತ್ತರ ನೋಡಿ ಮನೆ ವಯಸ್ಸು ಹೇಳಬಹುದು. ಬೇಕಾದ್ರೆ ಮನೆಯನ್ನೇ ಎತ್ಕೊಂಡು ಬೇರೆ ಕಡೆ ಇಡ್ತಾರೆ! ಹಿತ್ತಿಲಲ್ಲಿ ಎನ್ಸೆಟ್ ಗಿಡ, ಬಾಳೆ ಥರಾನೇ ಇದೆ, ಹಣ್ಣು ತಿನ್ನಲ್ಲ, ಬುಡ ಮತ್ತೆ ದಿಂಡನ್ನ ಕೆರೆದು ಗುಂಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ ರೊಟ್ಟಿ ಮಾಡ್ತಾರೆ, ಕೊಚ್ಚೋ ಅಂತ. ವಾಸನೆಗೆ ಹೆದರಬೇಡಿ, ಜೇನು, ಖಾರದ ಚಟ್ನಿ ಜೊತೆ ಚೆನ್ನಾಗಿರುತ್ತೆ. ಸುಮಾರು ಎರಡು ಕೋಟಿ ಜನಕ್ಕೆ ಅದೇ ಆಧಾರ.

ಇಲ್ಲೂ ಟೂರಿಸ್ಟ್‌ಗೆ ಅಂತ ಈಟಿ ಹಿಡಿದು ಚರ್ಮ ಹೊದ್ದು ಕುಣಿಯೋದು ಇದೆ, ಅದು ಬೇಡ ಅಂದ್ರೆ ಮರ್ಯಾದೆಯಿಂದ ಬೇಡ ಅನ್ನಿ, ಸಂತೆ ದಿನ ಯಾವುದು ಅಂತ ಕೇಳಿ ಅವತ್ತು ಹೋಗಿ. ಮಗ್ಗದವರಿಂದಲೇ ಒಂದು ಶಾಲು ತಗೊಳ್ಳಿ. ಇನ್ನೂ ದಕ್ಷಿಣಕ್ಕೆ ಕೊನ್ಸೊ ಇದೆ, ಕಲ್ಲು ಕಟ್ಟಿ ಬೆಟ್ಟವನ್ನೆಲ್ಲ ಮೆಟ್ಟಿಲು ಗದ್ದೆ ಮಾಡಿದಾರೆ, ಕೆಲವು ಕಡೆ ಒಂದೊಂದು ಗೋಡೆ ಐದು ಮೀಟರ್. ನಾನೂರು ವರ್ಷದಿಂದ ತಲೆಮಾರು ತಲೆಮಾರಾಗಿ ರಿಪೇರಿ ಮಾಡ್ತಾನೇ ಇದಾರೆ, 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ನೀರಿಲ್ಲದ ಕಡೆ ಮಣ್ಣು ಹಿಡಿಯೋದು ಹೇಗೆ ಅಂತ ನಮ್ಮ ಕೃಷಿ ಇಲಾಖೆಯವರನ್ನ ಬಸ್ ಮಾಡಿ ಕರ್ಕೊಂಡು ಹೋಗಿ ತೋರಿಸಬೇಕು.

ಧಾರವಾಡ_ಗಿರ್ಮಿಟ್
ಬಸ್ಸಂದ ಕೂಡ್ಲೆ ನೆಪ್ಪಾತು, ಅಲ್ಲಿ ಗಡಿಯಾರ ಬ್ಯಾರೆ ಅಕ್ಕಾರ. ಬೆಳಕು ಹರಿದಾಗಿಂದ ಲೆಕ್ಕ, ನಮ್ಮ 7 ಗಂಟೆ ಅವರಿಗೆ 1 ಗಂಟೆ. ಡ್ರೈವರ್ “ನಾಳೆ 12ಕ್ಕ ಬರ್ತೀನಿ” ಅಂದ್ರ ನಸುಕಿನ 6ಕ್ಕ ಬಾಗಲಾ ಬಡಿತಾನ. ಯಾವ ಗಡಿಯಾರ ಅಂತ ಕೇಳ್ರಿ ಪ್ರತಿ ಸಲ.

ಡಾಕ್ಟ್ರಮ್ಮ_ಹಾಸನ
ಇಷ್ಟು ಪೋಸ್ಟಾಗಿ ಹಳದಿ ಜ್ವರದ ಲಸಿಕೆ ವಿಷಯ ಒಬ್ಬರೂ ಎತ್ತಿಲ್ಲವಲ್ಲ! ಇಥಿಯೋಪಿಯಾದಿಂದ ಭಾರತಕ್ಕೆ ವಾಪಸ್ ಬರೋವಾಗ ಯೆಲ್ಲೋ ಫೀವರ್ ಸರ್ಟಿಫಿಕೇಟ್ ಇಲ್ಲದಿದ್ರೆ ಏರ್‌ಪೋರ್ಟಿಂದಲೇ ಆರು ದಿನದ ತನಕ ಕ್ವಾರಂಟೈನ್ ಮಾಡಬಹುದು. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಒಂದು ಸಲ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. ಸುಮಾ ಅವರೇ ನಿಮ್ಮ ಮಾವನವರಿಗೆ 60 ದಾಟಿದೆ, ಆ ವಯಸ್ಸಲ್ಲಿ ಈ ಲಸಿಕೆಯಿಂದ ತೊಂದರೆ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ, ಟಿಕೆಟ್ ಬುಕ್ ಮಾಡೋಕೂ ಮುಂಚೆ ಅವರ ಡಾಕ್ಟರ್ ಹತ್ರ ಕೂತು ಮಾತಾಡಿ. ಎತ್ತರದ ವಿಷಯಾನೂ ಅದೇ ಭೇಟಿಯಲ್ಲಿ ಕೇಳಿ. ಅಡಿಸ್ ಊರೇ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಎತ್ತರದಲ್ಲಿದೆ, ಸನೆಟ್ಟಿ ಮುಳ್ಳಯ್ಯನಗಿರಿಯ ಎರಡರಷ್ಟು. ತಲೆನೋವು ವಾಂತಿ ಶುರುವಾದ್ರೆ ಮಾತ್ರೆ ನುಂಗಿ ಮುಂದಕ್ಕೆ ಹೋಗೋದಲ್ಲ, ಕೆಳಗೆ ಇಳಿಯೋದು.

ಸುಮಾ_ಮೈಸೂರು
ಡಾಕ್ಟ್ರಮ್ಮ ತುಂಬಾ ಥ್ಯಾಂಕ್ಸ್, ಇದು ನಮಗೆ ಗೊತ್ತೇ ಇರ್ಲಿಲ್ಲ. ಮಾವನನ್ನ ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀವಿ, ಅವರು ಬೇಡ ಅಂದ್ರೆ ಇಬ್ಬರೇ.

ಈಗಿನ ಪ್ಲಾನ್: ಅಡಿಸ್, ದಿನ್‌ಶೋ, ಸನೆಟ್ಟಿ, ಹರೆನ್ನಾ, ವಾಪಸ್ ಅಡಿಸ್, ಅಲ್ಲಿಂದ ವಿಮಾನದಲ್ಲಿ ಅರ್ಬಾ ಮಿಂಚ್, ದೊರ್ಜೆ, ಆದ್ರೆ ಕೊನ್ಸೊ. ಲಾಲಿಬೆಲಾ ಈ ಸಲ ಇಲ್ಲ 😔 ಏಜೆಂಟಿಗೆ ಫೋನ್ ಮಾಡಿ ಸ್ಕೌಟಿಗೆ ಗುಂಪಿನ ಲೆಕ್ಕ ಅಲ್ವಾ ಅಂತ ಕೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು “ನಿಮಗೆ ಯಾರು ಹೇಳಿದ್ರು” ಅಂದ್ರು. ಬಾಲೆಗೆ ಬೇರೆ ಕೊಟೇಶನ್ ಕಳಿಸಿದಾರೆ, ಅದರಲ್ಲಿ ಗೈಡು, ಕುದುರೆ ಎಲ್ಲ ಸೇರಿಸಿ ಒಂದೇ ಮೊತ್ತ, ಬಿಡಿಸಿ ಕೊಡಿ ಅಂದ್ರೆ ಆಗಲ್ಲ ಅಂತಾರೆ.

ಬಜೆಟ್_ಭೀಮ
ನಾನು ಮೊದಲೇ ಹೇಳಿದ್ದೆ ಕೀಳ್ತಾರೆ ಅಂತ.

ಅಡಿಸ್_ಮೇಷ್ಟ್ರು
ನೀವು ಕೈ ತೋರಿಸಿದ್ದು ಸ್ಕೌಟ್ ಕಡೆಗೆ, ಕಿತ್ತಿದ್ದು ಏಜೆಂಟು.

ಸುಮಾ ಅವರೇ ಬಿಡಿಸಿ ಕೊಡದೇ ಇದ್ರೆ ಅವನಿಂದ ಕಾರು ಡ್ರೈವರ್ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ಬೇರೆ ಏಜೆಂಟ್ ನೋಡಿ. ಗೈಡು, ಕುದುರೆಗೆ ದಿನ್‌ಶೋಗೆ ಹೋದ ಮೇಲೆ ಪಾರ್ಕ್ ಆಫೀಸಲ್ಲೇ ಕೇಳಿ, ಹಿಂದಿನ ಸಂಜೆ ಹೇಳಿದ್ರೆ ಬೆಳಿಗ್ಗೆ ಹೊರಡಬಹುದು. ಕಾರ್ಡ್ ನಂಬ್ಕೊಂಡು ಹೋಗಬೇಡಿ, ಅಡಿಸಲ್ಲೇ ಬ್ಯಾಂಕಲ್ಲಿ ಡಾಲರ್ ಕೊಟ್ಟು ಬಿರ್ ಮಾಡಿಸ್ಕೊಳ್ಳಿ, 2024ರ ಜುಲೈಯಲ್ಲಿ ಬಿರ್ ಬೆಲೆಯನ್ನ ಮಾರ್ಕೆಟ್‌ಗೆ ಬಿಟ್ಟ ಮೇಲೆ ಅದು ತುಂಬಾ ಬಿದ್ದಿದೆ, ಹಳೇ ಬ್ಲಾಗುಗಳಲ್ಲಿರೋ ರೇಟ್ ಯಾವುದನ್ನೂ ನಂಬಬೇಡಿ. ಸಣ್ಣ ನೋಟು ಜಾಸ್ತಿ ಇಟ್ಕೊಳ್ಳಿ, ಕುದುರೆಯವನ ಹತ್ರ ಚಿಲ್ಲರೆ ಇರಲ್ಲ.